ವಂಶವಾಹಿ ಅಂತ ಹೇಳಿ ಫೈಲ್ ಮುಚ್ಚಬೇಡಿ

‘ಅದು ಅವರ ರಕ್ತದಲ್ಲೇ ಐತೆ, ಏನ್ ಮಾಡಕಾಗುತ್ತೆ’ ಅನ್ನೋ ಮಾತು ನಮ್ಮ ಕೇರಿಗಳಿಗೆ ಹೊಸದಲ್ಲ. ಮೊದಲು ಶಾಸ್ತ್ರದ ಹೆಸರಲ್ಲಿ ಹೇಳ್ತಿದ್ರು, ಈಗ ವಿಜ್ಞಾನದ ಹೆಸರಲ್ಲಿ ಹೇಳ್ತಾರೆ. ಹಂದಿಗೋಡು ಕಾಯಿಲೆಯ ಮಾತು ಬಂದಾಗಲೆಲ್ಲ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಬರೀತಿದೀನಿ.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಸುಮಾರಿಗೆ ಈ ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿ, ಬೆನ್ನುಮೂಳೆ ಹಾಳಾಗುತ್ತವೆ. ಕೆಲವರು ಕುಳ್ಳಾಗಿಯೇ ಉಳೀತಾರೆ, ಕೆಲವರು ತೆವಳಿಕೊಂಡು ಬದುಕ್ತಾರೆ. ನರಳಿದವರು ಹೆಚ್ಚಾಗಿ ಚಲವಾದಿ ಮತ್ತು ಚನ್ನಂಗಿ ಸಮುದಾಯದವರು, ಅಂದ್ರೆ ನಮ್ಮವರು. ನಾನು ಬಸವಾಪಟ್ಟಣದವನು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ನಮ್ಮ ಚನ್ನಗಿರಿ ತಾಲ್ಲೂಕೂ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಹಂದಿಗೋಡು ನಮಗೆ ದೂರದ ಊರಲ್ಲ.

ಮೊದಮೊದಲು ಅನುಮಾನ ಹೋಗಿದ್ದು ಗದ್ದೆಯ ಏಡಿ ಮತ್ತು ಕೀಟನಾಶಕದ ಮೇಲೆ. ಏಡಿ ತಿನ್ನೋದೇ ತಪ್ಪು ಅನ್ನೋ ಹಾಗೆ ಬಡವರ ತಟ್ಟೆ ಕಡೆ ಬೆರಳು ತೋರಿಸಿದ್ರು. ಆ ಗದ್ದೆಗೆ ವಿಷ ಹೊಡೆಸಿದವರು ಯಾರು ಅಂತ ಕೇಳಿದವರು ಕಡಿಮೆ. ಆಮೇಲೆ ಕುಟುಂಬಗಳ ವಂಶವೃಕ್ಷ ಮತ್ತು ಎಕ್ಸ್‌ರೇ ನೋಡಿದ ಸಂಶೋಧಕರು ಇದು ಮೂಳೆ ಬೆಳವಣಿಗೆಯ ಆನುವಂಶಿಕ ದೋಷ ಅಂತ ಹೇಳಿದ್ರು. ವಿಜ್ಞಾನದ ಮೇಲೆ ನನ್ನ ತಕರಾರಿಲ್ಲ. ಆ ಮಾತನ್ನ ಹಿಡಕೊಂಡು ಮಾಡೋ ವ್ಯಾಪಾರದ ಮೇಲೆ ತಕರಾರು.

ಒಂದನೇ ಸುಳ್ಳು: ‘ಸಂಬಂಧದಲ್ಲೇ ಮದುವೆ ಆಗ್ತಾರೆ, ಅದಕ್ಕೇ ಹಿಂಗಾಗೈತೆ.’ ಹಂದಿಗೋಡು ಕಾಯಿಲೆ ಪ್ರಬಲ ಜೀನ್‌ನಿಂದ ಬರೋದು. ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ಒಂದೇ ಪ್ರತಿ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡ ಹೆಂಡತಿ ರಕ್ತಸಂಬಂಧಿಗಳು ಆಗಿರಲೇಬೇಕು ಅಂತೇನಿಲ್ಲ. ಅಕ್ಕನ ಮಗಳನ್ನ, ಅತ್ತೆ ಮಗಳನ್ನ ಮದುವೆ ಆಗೋದು ಈ ರಾಜ್ಯದ ಎಷ್ಟು ಮೇಲ್ಜಾತಿಗಳಲ್ಲಿಲ್ಲ? ಅವರನ್ನ ಯಾರೂ ಕೇಳಲ್ಲ.

ಎರಡನೇ ಸುಳ್ಳು: ‘ಇದು ಆ ಜಾತಿಯ ಕಾಯಿಲೆ.’ ಜೀನ್‌ಗೆ ಜಾತಿ ಗೊತ್ತಿಲ್ಲ. ಜಾತಿಯ ಒಳಗೇ ಮದುವೆ ಅನ್ನೋ ಬೇಲಿ ಹಾಕಿದ್ದರಿಂದ ಆ ಜೀನ್ ಅಲ್ಲೇ ಸುತ್ತಿತು. ಸ್ವಜಾತಿ ವಿವಾಹವೇ ಜಾತಿಯ ತಿರುಳು ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದ್ರು. ಆ ಬೇಲಿ ಹಾಕಿದವರು ನಾವಲ್ಲ. ಬೇಲಿಯೊಳಗೆ ನರಳ್ತಿರೋರು ಮಾತ್ರ ನಾವು.

ಮೂರನೇದು ನಮ್ಮ ಭದ್ರಾ ನಾಲೆ ಬಯಲಿಗೂ ತಟ್ಟುತ್ತೆ. ಇಲ್ಲಿರೋದು ಹಂದಿಗೋಡು ಕಾಯಿಲೆ ಅಲ್ಲ, ಮಾಮೂಲಿ ಮಂಡಿ ಸವೆತ. ಇದರಲ್ಲೂ ವಂಶವಾಹಿಯ ಪಾಲಿದೆ, ಆದರೆ ಒಂದೇ ಜೀನ್ ಅಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ, ಕೀಲು ಸವೆತಕ್ಕೆ ಸಂಬಂಧಿಸಿದ 100 ವಂಶವಾಹಿ ವ್ಯತ್ಯಾಸ ಗುರುತಿಸಿತು. ಬಹುತೇಕ ಒಂದೊಂದರ ಪ್ರಭಾವ ಅಲ್ಪ. ಉಳಿದದ್ದು ವಯಸ್ಸು, ತೂಕ, ಹಳೇ ಪೆಟ್ಟು, ಕೀಲಿನ ಮೇಲೆ ಬಿದ್ದ ಭಾರ. ಕೆಸರಲ್ಲಿ ಬಗ್ಗಿ ನಾಟಿ ಮಾಡಿ, ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತು, ತಲೆ ಮೇಲೆ ಹೊರೆ ಹೊತ್ತ ನಮ್ಮ ಅವ್ವಂದಿರಿಗೆ ‘ನಿಮ್ಮ ಮನೇಲಿ ಯಾರಿಗಾದ್ರೂ ಮಂಡಿನೋವು ಇತ್ತಾ’ ಅಂತ ಕೇಳಿ ಒಂದು ಗುಳಿಗೆ ಕೊಟ್ಟು ಕಳಿಸ್ತಾರೆ. ಹೌದು ಡಾಕ್ಟ್ರೇ, ಅವರ ಅವ್ವನಿಗೂ ಇತ್ತು. ಅವರೂ ಅದೇ ಗದ್ದೇಲೇ ದುಡಿದವರು. ಜೀನ್ ಜೊತೆಗೆ ಕೂಲಿನೂ ತಲೆಮಾರಿನಿಂದ ತಲೆಮಾರಿಗೆ ದಾಟಿದೆ. ಅದನ್ನ ಯಾವ ಚೀಟಿಯಲ್ಲಿ ಬರೀತೀರಿ?

ಜೀನ್ ಬದಲಾಯಿಸಕ್ಕೆ ಆಗಲ್ಲ, ನಿಜ. ಕನ್ನಡಕ ಬೇಕಾದವನಿಗೆ ‘ನಿನ್ನ ಕಣ್ಣು ವಂಶದಿಂದ ಬಂದದ್ದು’ ಅಂತ ಹೇಳಿ ವಾಪಸ್ ಕಳಿಸ್ತೀವಾ? ಫಿಸಿಯೋಥೆರಪಿ ಇದೆ. ಊರುಗೋಲು, ಗಾಲಿಕುರ್ಚಿ ಇದೆ. ಕೀಲು ಬದಲಿ ಶಸ್ತ್ರಚಿಕಿತ್ಸೆ ಇದೆ. 2017ರಲ್ಲಿ ಕೇಂದ್ರ ಸರ್ಕಾರ ಮಂಡಿಯ ಕೃತಕ ಕೀಲಿನ ಬೆಲೆಗೆ ಮಿತಿಯನ್ನೂ ಹಾಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳ ಪಟ್ಟಿಯಲ್ಲಿ ಚಲನ ವಿಕಲತೆಯೂ ಇದೆ, ಕುಬ್ಜತೆಯೂ ಇದೆ. ಇದು ಭಿಕ್ಷೆ ಅಲ್ಲ, ಹಕ್ಕು.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟ:

1. ಹಂದಿಗೋಡು ಕಾಯಿಲೆಯ ಪ್ರತಿ ಕುಟುಂಬಕ್ಕೂ ಪ್ರಮಾಣಪತ್ರ ಮನೆ ಬಾಗಿಲಿಗೆ ಬರಲಿ. ತೆವಳುವವರನ್ನ ಆಫೀಸಿಗೆ ಅಲೆಸಬೇಡಿ.

2. ರಕ್ತದ ಮಾದರಿ ಕೊಟ್ಟವರಿಗೆ ಫಲಿತಾಂಶವನ್ನ ಕನ್ನಡದಲ್ಲಿ, ಅರ್ಥ ಆಗೋ ಹಾಗೆ ಹೇಳಿ. ಮಕ್ಕಳು ಬೇಕೋ ಬೇಡವೋ ಅನ್ನೋ ತೀರ್ಮಾನ ಅವರದು. ಬುದ್ಧಿವಾದ ಬೇಡ.

3. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇರಲಿ. ಕೂಲಿ ಹೆಂಗಸರ ಮಂಡಿ ಸವೆತವನ್ನ ದುಡಿಮೆಯಿಂದ ಬಂದ ಕಾಯಿಲೆ ಅಂತಲೂ ದಾಖಲು ಮಾಡಿ.

ನಮ್ಮ ಮೂಳೆಯಲ್ಲಿ ಏನಿದೆ ಅಂತ ಹೇಳಿದ್ರಿ, ಸಂತೋಷ. ಈಗ ನಿಮ್ಮ ಬಜೆಟ್ಟಲ್ಲಿ ನಮಗೇನಿದೆ ಅಂತ ಹೇಳಿ.

ಜೈ ಭೀಮ್.