ಏಕೀಕರಣದ ಉಳಿದ ಅರ್ಧ

ನಾಡು ಒಂದಾದೊಡನೆ ಕಾರ್ಯವು ಮುಗಿಯಿತೆಂದು ತಿಳಿಯುವದು ದೊಡ್ಡ ಭ್ರಮೆ. ನಮ್ಮ ಬಳ್ಳಾರಿ ಸೀಮೆಯು 1953ರಲ್ಲಿ ಮೈಸೂರಿಗೆ ಸೇರಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಮಣ್ಣು ಕೂಡಿತು, ವಿದ್ಯೆಯು ಕೂಡಿತೇ?

ಸರ್ ಚಂದ್ರಶೇಖರ ವೆಂಕಟರಾಮನ್‌ರ ಚರಿತ್ರೆಯನ್ನು ನೋಡಿರಿ. ಹತ್ತು ವರುಷ ಸರಕಾರದ ಹಣಕಾಸಿನ ಇಲಾಖೆಯಲ್ಲಿ ದುಡಿಯುತ್ತ, ಬಿಡುವಿನ ಹೊತ್ತಿನಲ್ಲಿ ಕಲಕತ್ತೆಯ ವಿಜ್ಞಾನ ಸಂಘದಲ್ಲಿ ಪ್ರಯೋಗ ನಡೆಸಿದರು. 1921ರ ಸಮುದ್ರಯಾನದಲ್ಲಿ, ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂಬ ಮಾತನ್ನು ನಂಬದೆ, ಪ್ರತಿಫಲಿತ ಬೆಳಕನ್ನು ತಡೆಯುವ ಸ್ಫಟಿಕದ ಮೂಲಕ ನೋಡಿದರು, ನೀಲಿಯು ಮಾಯವಾಗಲಿಲ್ಲ. ಆ ಶಂಕೆಯು ಬೆಳೆದು 1928ರ ಫೆಬ್ರವರಿ 28ರಂದು ಫಲಿಸಿತು: ದ್ರವದಲ್ಲಿ ಚದರಿದ ಬೆಳಕಿನ ಒಂದಂಶವು ಬಣ್ಣ ಬದಲಿಸಿ ಹೊರಬರುವದೆಂದು ಸಿದ್ಧವಾಯಿತು. ಸೂರ್ಯನ ಬೆಳಕು, ಬಣ್ಣದ ಗಾಜು, ಪುಟ್ಟ ವರ್ಣದರ್ಶಕ, ಪಾದರಸದ ದೀಪ: ಇಂಥವೇ ಸಾಧನಗಳು. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. 1933ರಿಂದ, 1970ರಲ್ಲಿ ದೇಹಬಿಡುವವರೆಗೆ, ಬೆಂಗಳೂರೇ ಅವರ ಕರ್ಮಭೂಮಿ.

ಬೆಲೆಬಾಳುವ ಯಂತ್ರಗಳಿಲ್ಲವೆಂಬ ನೆಪವು ಇವರ ಮುಂದೆ ನಿಲ್ಲದು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದೆಂಬ ನೆಪವೂ ನಿಲ್ಲದು. ಭೌತಶಾಸ್ತ್ರದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿ ತೋರಿಸಿದರು.

ಕುರೆಕುಪ್ಪದ ಹುಡುಗನ ನೆರೆಯಲ್ಲಿಯೇ ಉಕ್ಕು ಕುದಿಯುತ್ತಿರುವದು. ಕಾದ ಕಬ್ಬಿಣವು ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕಡೆಗೆ ಬೆಳ್ಳಗೆ ಹೊಳೆಯುವದೇಕೆಂದು ಅವನು ಕೇಳಿದರೆ, ಪರೀಕ್ಷೆಗೆ ಅದು ಬಾರದೆಂದು ಬಾಯಿ ಮುಚ್ಚಿಸುವದು ವಿದ್ಯಾದಾನವಲ್ಲ. ಉಪಾಧ್ಯಾಯ ಮಹಾಶಯರೇ, ವಾರಕ್ಕೊಂದು ಪ್ರಯೋಗವನ್ನು ಮಕ್ಕಳ ಕೈಯಿಂದಲೇ ಮಾಡಿಸಿರಿ. ಕಂಡುದನ್ನು ಕನ್ನಡದಲ್ಲಿಯೇ ಬರೆಯಿಸಿರಿ. ಏಕೀಕರಣದ ಉಳಿದ ಅರ್ಧವು ನಿಮ್ಮ ಕೈಯಲ್ಲಿರುವದು.