ಅರಿವಿ ಒಗೆಯುವಾಕಿ ಯಾವುದರ ಸಂಕೇತ?

ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಅರಿವಿ ಒಗೀತಿದ್ರು. ಆಚೆ ದಂಡೆಗೆ ಭೂತನಾಥ ಗುಡಿ. ಕ್ಯಾಮೆರಾ ಹಿಡಿದವನೊಬ್ಬ, ‘ಅಕ್ಕಾರ, ಸ್ವಲ್ಪ ಸರೀರಿ, ಫೋಟೋದಾಗ ಬರ್ತೀರಿ’ ಅಂದ. ಒಬ್ಬಾಕಿ ತಲೆ ಎತ್ತದೆ, ‘ಸರೀತೀವ್ರಿ. ಅರಿವಿ ನೀವು ಒಗೀತೀರೇನು?’ ಅಂದ್ಲು.

ಆಗ ನೆನಪಾದದ್ದು ಹಳೆಯ ಅಚ್ಚುಚಿತ್ರಗಳು. ತಾಮ್ರದ ತಗಡನ್ನು ಆಸಿಡ್ಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದಂಥವು. ಥಾಮಸ್ ಮತ್ತು ವಿಲಿಯಂ ಡೇನಿಯಲ್ 1795ರಿಂದ 1808ರವರೆಗೆ ಭಾರತದ ಇಂಥ 144 ನೋಟಗಳನ್ನು ಲಂಡನ್ನಿನಲ್ಲಿ ಹೊರತಂದರು. ಆ ಕಾಲದ ಇಂಥ ಚಿತ್ರಗಳಲ್ಲಿ ದೊಡ್ಡ ಗುಡಿ, ಅದರ ಬುಡದಲ್ಲಿ ಬೆರಳುದ್ದದ ಮನುಷ್ಯರು. ಬಲ್ಲವರು ಅರ್ಥ ಹೇಳ್ತಾರೆ: ಪಾಳುಗೋಡೆ ಅಂದರೆ ಅಳಿದ ವೈಭವ, ಕೊಡ ಹೊತ್ತಾಕಿ ಅಂದರೆ ಬದಲಾಗದ ಭಾರತ. ಅಲ್ರೀ, ಆಕಿ ಬರೇ ನೀರಿಗೆ ಬಂದಿರಬಾರದೇನು? ಗುಡಿ ಎಷ್ಟು ಎತ್ತರ ಅಂತ ತೋರಿಸಲಿಕ್ಕೆ ಆಕಿಯನ್ನು ಅಲ್ಲಿ ನಿಲ್ಲಿಸಿದರು. ಅಳತೆಗೋಲಿಗೆ ಹೆಸರು ಯಾಕೆ ಬೇಕು?

ಆಗ ಅಳತೆಗೆ ಬೇಕಾಗಿದ್ದಾಕಿ ಈಗ ಫೋಟೋಕ್ಕೆ ಅಡ್ಡ. ಆಗಲೂ ಈಗಲೂ ಆಕಿಯನ್ನ ಯಾರೂ ಮಾತಾಡಿಸಲಿಲ್ಲ.

ಹುನಗುಂದ ಕಡೆಯ ಐಹೊಳೆಗೆ ಹೋಗಿ ನೋಡಿ. ಲಾಡಖಾನ್ ಗುಡಿಯ ಹೆಸರು ಅದರೊಳಗೆ ವಾಸವಾಗಿದ್ದ ಮನುಷ್ಯನದು. ದುರ್ಗದ ಗುಡಿ ದುರ್ಗಾದೇವಿಯದಲ್ಲ, ಕೋಟೆಯಿಂದ ಬಂದ ಹೆಸರು. ಇನ್ನು ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ. ಇವು ಚಾಲುಕ್ಯ ರಾಜರು ಇಟ್ಟ ಹೆಸರಲ್ಲ, ಗುಡಿಗಳ ನಡುವೆ ಬಾಳೇವು ಮಾಡಿದ ಊರಿನವರು ಕರೆದದ್ದು. ಇಂದಿಗೂ ಪಂಡಿತರ ಪುಸ್ತಕದಲ್ಲಿ ಇವೇ ಹೆಸರು. ಹೆಸರು ಬೇಕು, ಮಂದಿ ಬೇಡ ಅಂದ್ರ ಹ್ಯಾಂಗ?

ಕಟ್ಟಡದ ಚಿತ್ರ ನಮ್ಮ ಹೆಣ್ಣುಮಕ್ಕಳೂ ಬಿಡಿಸಿದ್ದಾರೆ. ಇಳಕಲ್ ಸೀರೆ ಮೇಲಿನ ಕಸೂತಿ ನೋಡಿ: ಗೋಪುರ, ತೇರು, ತುಳಸಿಕಟ್ಟೆ. ಆ ಗೋಪುರ ಪಾಳು ಬಿದ್ದಿಲ್ಲ. ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುವಾಕಿ, ಜಾತ್ರೆಗೆ ಹೋಗುವಾಕಿ ಹಾಕಿದ ಹೊಲಿಗೆ ಅದು.

ಐಹೊಳೆ ಊರನ್ನು ಸ್ಥಳಾಂತರ ಮಾಡಬೇಕು ಅನ್ನೋ ಮಾತು ವರ್ಷಗಳಿಂದ ನಡೆದಿದೆ. ಸ್ಮಾರಕ ಉಳೀಬೇಕು, ನನ್ನದೇನೂ ತಕರಾರಿಲ್ಲ. ಆದರೆ ಮನೆ ಬಿಡುವವರಿಗೆ ಮೊದಲು ಇರಲಿಕ್ಕಾಗುವಂಥ ಮನೆ ಕೊಡ್ರಿ. ಗುಡಿ ಮುಂದಿನ ಫಲಕದಲ್ಲಿ ಕಟ್ಟಿದ ಕಾಲದ ಜೊತೆಗೆ, ಅಲ್ಲಿ ಒಲೆ ಹಚ್ಚಿದವರ ಬಗ್ಗೆಯೂ ಎರಡು ಸಾಲು ಬರೀರಿ. ಮತ್ತ ಫೋಟೋ ತೆಗೆಯುವಾಗ ಆಕಿಗೆ ಸರೀರಿ ಅನ್ನಬ್ಯಾಡ್ರಿ, ಹೆಸರು ಕೇಳ್ರಿ.