ಎಕ್ಕದ ಗಿಡ ಕಡಿಯೋದು ಬೇಡ



ಗಾಂಧಿ ಜಯಂತಿಯ ದಿನ ಶ್ರಮದಾನದಲ್ಲಿ ನಾವು ಶಾಲೆಯ ಹಿಂದಿನ ಎಕ್ಕದ ಗಿಡಗಳನ್ನು ಕಳೆ ಅಂತ ಕಡಿದು ಹಾಕಿದೆವು. ಕುಡುಗೋಲು ಹಿಡಿದವರಲ್ಲಿ ನಾನೂ ಒಬ್ಬ. ಮಾರನೇ ದಿನ ಆ ರಾಶಿಯ ಹತ್ತಿರ ಹೋದರೆ, ಬಾಡಿದ ಎಲೆಗಳ ಮೇಲೆ ಒಂಬತ್ತು ಹುಳುಗಳು ಹರಿದಾಡುತ್ತಿದ್ದವು. ಮೈ ತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು. ದಾಸವಾಳದ ಎಲೆ ಕೊಟ್ಟೆ, ಮುಟ್ಟಲಿಲ್ಲ. ಕೆರೆ ಏರಿಯಿಂದ ಎಕ್ಕದ ಎಲೆ ತಂದು ಹಾಕಿದ ಕೂಡಲೇ ತಿನ್ನತೊಡಗಿದವು. ಆದರೂ ಉಳಿದದ್ದು ಐದೇ. ಅವು ಗೂಡಾಗಿ, ಆಮೇಲೆ ಚಿಟ್ಟೆಗಳಾಗಿ ಹಾರಿಹೋದವು. ನಮ್ಮ ಶಾಲೆಯ ಸುತ್ತ ದಿನಾ ಹಾರುವ, ರೆಕ್ಕೆಯ ತುದಿ ಕಪ್ಪಾಗಿರುವ ಕಿತ್ತಳೆ ಬಣ್ಣದ ಚಿಟ್ಟೆ ಇದೇ! ಇದರ ಹೆಸರು ಪ್ಲೇನ್ ಟೈಗರ್.

ಎಕ್ಕವನ್ನು ಗುರುತಿಸುವುದು ಸುಲಭ. ಬೂದಿ ಬಳಿದಂತಿರುವ ದಪ್ಪ ಎಲೆಗಳು ಎದುರುಬದುರಾಗಿ ಇರುತ್ತವೆ. ಮುರಿದರೆ ಹಾಲು ಬರುತ್ತದೆ. ಹೂವು ನೇರಳೆ ಅಥವಾ ಬಿಳಿ, ಐದು ಎಸಳು, ನಡುವೆ ಪುಟ್ಟ ಕಿರೀಟ. ದೊಡ್ಡ ಕಪ್ಪು ದುಂಬಿಗಳು ಮಕರಂದಕ್ಕೆ ಬಂದಾಗ ಪರಾಗದ ಗಂಟು ಅವುಗಳ ಕಾಲಿಗೆ ಅಂಟಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ. ಕಾಯಿ ಒಡೆದಾಗ ಹಾರುವ ರೇಷ್ಮೆಯಂಥ ಅರಳೆಯನ್ನು ಸೂರಕ್ಕಿಗಳು ಗೂಡಿನ ಒಳಗೆ ಮೆತ್ತೆ ಮಾಡಿಕೊಳ್ಳುತ್ತವೆ.

‘ಅದರ ಹಾಲು ವಿಷ, ಮಕ್ಕಳ ಕಣ್ಣಿಗೆ ಬಿದ್ದರೆ?’ ಅಂತ ಕೆಲವರು ಕೇಳಿದರು. ಮಾತು ನಿಜ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆದರೆ ಅದೇ ವಿಷವನ್ನು ಮೈಯಲ್ಲಿ ಇಟ್ಟುಕೊಂಡೇ ಆ ಹುಳು ಹಕ್ಕಿಗಳ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ನಮಗೆ ಬೇಡವಾದದ್ದು ಅದಕ್ಕೆ ಪ್ರಾಣ ಕಾಯುವ ಕವಚ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಾವು ಓಡಾಡುವ ದಾರಿಯಲ್ಲಿ ಬೆಳೆದದ್ದನ್ನು ದೊಡ್ಡವರು ತೆಗೆಯಲಿ. ಹಿಂದಿನ ಬೇಲಿಯ ಸಾಲನ್ನು ಮಾತ್ರ ಹಾಗೇ ಬಿಡೋಣ. ಚಿಕ್ಕ ತರಗತಿಯವರಿಗೆ ‘ನೋಡಿ, ಆದರೆ ಮುರಿಯಬೇಡಿ’ ಅಂತ ಹೇಳೋಣ. ರಥಸಪ್ತಮಿಯ ದಿನ ಸ್ನಾನಕ್ಕೆ ಏಳು ಎಲೆ ಬೇಕು ಅಂತ ಊರೆಲ್ಲಾ ಎಕ್ಕ ಹುಡುಕುತ್ತೇವೆ. ಉಳಿದ ದಿನ ಅದೇ ಗಿಡ ಕಳೆ ಆಗೋದು ಹೇಗೆ?

ಕಡಿದ ಬುಡಗಳಲ್ಲಿ ಈಗ ಮತ್ತೆ ಚಿಗುರು ಬಂದಿದೆ. ಮುಂದಿನ ಶ್ರಮದಾನಕ್ಕೆ ಮೊದಲು ಎಲ್ಲರೂ ಒಂದು ಸಲ ಹೋಗಿ ಎಲೆಯ ಅಡಿಭಾಗ ಬಗ್ಗಿ ನೋಡಿ. ಆಮೇಲೆ ತೀರ್ಮಾನ ಮಾಡೋಣ.

– 8ನೇ ತರಗತಿಯ ಒಬ್ಬ ವಿದ್ಯಾರ್ಥಿ